ದುಃಖವಾಚಕವಾದ ಎರಡು ಹಳೆಯ ಶಬ್ದಗಳು

ಹಳೆಯ ಇಂಗ್ಲಿಷ್ ಪದ್ಯಗಳಲ್ಲಿ ‘ಡೋಲ್’ ಎಂಬ ಶಬ್ದವನ್ನು ಕಂಡು, ಅದಕ್ಕೆ ದಾನವೆಂದೋ ಪಾಲೆಂದೋ ಅರ್ಥ ಮಾಡುವವರುಂಟು. ಆ ಅರ್ಥವುಳ್ಳ ‘ಡೋಲ್’ ಪ್ರಾಚೀನ ಇಂಗ್ಲಿಷಿನಿಂದಲೇ ಬಂದುದು. ಆದರೆ ಅದೇ ರೂಪದ ಬೇರೊಂದು ಶಬ್ದಕ್ಕೆ ದುಃಖವೆಂದರ್ಥ. ಇದು ಲ್ಯಾಟಿನ್ ಭಾಷೆಯ, ನೋಯುವುದೆಂಬ ಅರ್ಥದ ‘ಡೊಲೇರೆ’ ಎಂಬ ಧಾತುವಿನಿಂದ ಹುಟ್ಟಿ, ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿತು. ಈಗ ಇದರ ಬಳಕೆಯು ತಪ್ಪಿಹೋಗಿದ್ದರೂ ‘ಡೋಲ್‌ಫುಲ್’ ಎಂಬಲ್ಲಿ ಉಳಿದುಕೊಂಡಿದೆ. ನಾವು ಸಾವಿನ ಮನೆಗೆ ಕಳುಹಿಸುವ ‘ಕಂಡೋಲೆನ್ಸ್’ ಪತ್ರದ ಹೆಸರೂ ಅದೇ ಧಾತುವಿನದು. ಜೊತೆಗೂಡಿ ನೋಯುವುದೆಂಬುದೇ ಅದರ ಮೂಲಾರ್ಥ.

ನಮ್ಮ ಕನ್ನಡದಲ್ಲಿಯೂ ಇಂಥದೇ ಒಂದು ತೊಡಕುಂಟು. ‘ಅಳಲು’ ಎಂದರೆ ದುಃಖ. ‘ಮಗು ಅಳಲು ತೊಡಗಿತು’ ಎಂಬಲ್ಲಿಯೂ ಅದೇ ರೂಪವಿರುವುದರಿಂದ, ದುಃಖವೆಂಬ ಅರ್ಥವು ಅಳುವಿನಿಂದಲೇ ಬಂದಿತೆಂದು ತೋರುವುದು ಸಹಜ. ಆದರೆ ಹಳಗನ್ನಡದಲ್ಲಿ ಇದರ ರೂಪವು ‘ಅೞಲ್’. ಇದರ ಸೋದರ ಶಬ್ದಗಳನ್ನು ತಮಿಳು ಮಲೆಯಾಳಗಳಲ್ಲಿ ನೋಡಿದರೆ ಅಲ್ಲಿ ಬೆಂಕಿ, ಉರಿ ಎಂಬ ಅರ್ಥಗಳಿವೆ. ಆದುದರಿಂದ ಅಳಲೆಂಬುದು ಕಣ್ಣೀರಲ್ಲ, ಒಳಗಿನ ಉರಿ. 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಶಬ್ದಗಳನ್ನು ಪ್ರತ್ಯೇಕವಾಗಿ ನಿರೂಪಿಸಿದನು. ಮುಂದೆ ಆ ಅಕ್ಷರವು ಳಕಾರದಲ್ಲಿ ಕರಗಿಹೋಯಿತು. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ ನಿಘಂಟು ಇಂಥ ಶಬ್ದಗಳನ್ನು ಸೋದರ ಭಾಷೆಗಳ ರೂಪಗಳೊಡನೆ ಹೋಲಿಸಿ ತೋರಿಸಿ, ಕಲಿಯುವವರಿಗೆ ಮಹದುಪಕಾರವನ್ನು ಮಾಡಿದೆ.

ದುಃಖವನ್ನು ಉರಿಯೆಂದು ಕಂಡುದು ಕನ್ನಡವೊಂದೇ ಅಲ್ಲ. ಸಂಸ್ಕೃತದ ‘ಶೋಕ’ವು ಉರಿಯುವುದೆಂಬ ಅರ್ಥವೂ ಉಳ್ಳ ‘ಶುಚ್’ ಧಾತುವಿನದು; ‘ಸಂತಾಪ’ದಲ್ಲಿ ತಾಪವೇ ಇದೆ. ಇಂಗ್ಲಿಷಿನ ‘ಗ್ರೀಫ್’ ಆದರೋ ಭಾರವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಅವರಿಗೆ ದುಃಖವು ಹೊರೆ, ನಮಗೆ ಬೆಂಕಿ.

ಇದನ್ನರಿತುದರಿಂದ ಪ್ರಯೋಜನವೇನೆಂದು ಕೇಳಬಹುದು. ಅಳದೆ ಇರುವವಳಿಗೆ ದುಃಖವಿಲ್ಲವೆಂದು ನಾವು ಬೇಗನೆ ತೀರ್ಮಾನಿಸುತ್ತೇವೆ. ಒಣಗಿದ ಕಣ್ಣಿನ ಹಿಂದೆಯೂ ಅಳಲು ಇರಬಲ್ಲುದೆಂದು ಈ ಹಳೆಯ ಶಬ್ದವು ತಿಳಿಸುತ್ತದೆ. ನಂದಿನಿ ಲೇಔಟಿನ ಹೆಸರಿನಲ್ಲಿರುವ ‘ನಂದಿನಿ’ಯೆಂದರೆ ಸಂಸ್ಕೃತದಲ್ಲಿ ಆನಂದವನ್ನು ಕೊಡುವವಳು. ಅಚ್ಚಗನ್ನಡದ ‘ನಂದಿಸು’ ಎಂಬುದು ಬೇರೆಯೇ ಶಬ್ದ. ಅದಕ್ಕೆ ಉರಿಯನ್ನು ಆರಿಸುವುದೆಂದರ್ಥ. ನೆರೆಯವರ ಅಳಲಿನ ಬಳಿ ಕುಳಿತು ಒಂದು ಒಳ್ಳೆಯ ಮಾತನ್ನಾಡುವ ವಿದ್ಯಾರ್ಥಿನಿಯು ಈ ಎರಡು ಕೆಲಸಗಳನ್ನೂ ಮಾಡಿದಂತಾಗುವುದು.