ಬೆಂಕಿಗೆ ಮುಂಚಿನ ಐದು ನಿಮಿಷ

ದೋಹಾ ನಗರದ ವಾಯವ್ಯಕ್ಕೆ, ಶಮಾಲ್ ರಸ್ತೆಗೆ ತಾಗಿಕೊಂಡು ಅಲ್ ಗರಾಫಾ ಇದೆ. ವಿಲ್ಲಾಗಳು, ಶಾಲೆಗಳು, ಲ್ಯಾಂಡ್‌ಮಾರ್ಕ್ ಮಾಲ್ ಇರುವ ಈ ಬಡಾವಣೆಯಲ್ಲಿ ಜುಲೈ ತಿಂಗಳ ಮಧ್ಯಾಹ್ನ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸುದ್ದಿಯೇನಲ್ಲ. 2010ರ ಜುಲೈಯಲ್ಲಿ ದೋಹಾದಲ್ಲಿ 50.4 ಡಿಗ್ರಿ ದಾಖಲಾಗಿತ್ತು. ಇಂಥ ಊರಿನ ಕನ್ನಡದ ಮನೆಗಳಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ಬಂದರೆ ಮೊದಲು ಏಳುವ ಪ್ರಶ್ನೆ, ‘ಈ ಬಿಸಿಲಿಗೆ ಬ್ಯಾಟರಿ ಹೊತ್ತಿಕೊಂಡರೆ ಏನು ಗತಿ?’ ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಹೊತ್ತಿಕೊಳ್ಳುವುದಕ್ಕೆ ಹೆದರುವಷ್ಟು ನಾವು ಮುಂದಿನ ಗತಿಯ ಬಗ್ಗೆ ಯೋಚಿಸುವುದಿಲ್ಲ. ಒಳಗಿದ್ದವರು ಹೊರಗೆ ಬರುವುದು ಹೇಗೆ, ಅದಕ್ಕೆ ಎಷ್ಟು ಸಮಯ ಸಿಗುತ್ತದೆ, ಆ ಸಮಯವನ್ನು ಉಳಿಸಿಕೊಡಬೇಕಾದವರು ಯಾರು?

ಮೊದಲು ಬಿಸಿಲಿನ ವಿಚಾರ ಮುಗಿಸೋಣ. ಲಿಥಿಯಂ ಅಯಾನ್ ಸೆಲ್‌ನೊಳಗೆ ಅಪಾಯದ ರಾಸಾಯನಿಕ ಕ್ರಿಯೆಗಳು ಶುರುವಾಗಲು ಸುಮಾರು 80ರಿಂದ 120 ಡಿಗ್ರಿ ತಾಪ ಬೇಕು. ಗರಾಫಾದ ಬಿಸಿಲು ಎಷ್ಟೇ ಸುಟ್ಟರೂ ಕಾರಿನ ತಳದಲ್ಲಿರುವ ಬ್ಯಾಟರಿ ಪ್ಯಾಕ್ ಅಷ್ಟು ಕಾಯುವುದಿಲ್ಲ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದನ್ನು ತಣ್ಣಗಿಡಲು ಕೂಲೆಂಟ್ ಹರಿಯುವ ವ್ಯವಸ್ಥೆಯೂ ಇರುತ್ತದೆ. ಸೆಕೆ ಬ್ಯಾಟರಿಯ ಆಯಸ್ಸನ್ನು ತಿನ್ನುತ್ತದೆ, ನಿಜ. ಬೆಂಕಿಗೆ ದಾರಿ ಮಾಡುವುದು ಬೇರೆ ಸಂಗತಿಗಳು: ಸೆಲ್ ತಯಾರಿಕೆಯ ದೋಷ, ಅಪಘಾತದ ಪೆಟ್ಟು, ಅಡಿಯಿಂದ ಚುಚ್ಚಿದ ಲೋಹ, ಒಳಗೆ ನುಗ್ಗಿದ ನೆರೆ ನೀರು, ಮಿತಿಮೀರಿದ ಚಾರ್ಜಿಂಗ್.

ಇವು ಅಪರೂಪದ ಘಟನೆಗಳು. ಸ್ವೀಡನ್ನಿನ ನಾಗರಿಕ ರಕ್ಷಣಾ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಅಲ್ಲಿನ ಸುಮಾರು 6.1 ಲಕ್ಷ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಪೈಕಿ 23ಕ್ಕೆ ಬೆಂಕಿ ಬಿತ್ತು. ಸುಮಾರು 44 ಲಕ್ಷ ಪೆಟ್ರೋಲ್, ಡೀಸೆಲ್ ಕಾರುಗಳ ಪೈಕಿ ಬೆಂಕಿಗೆ ತುತ್ತಾದವು 3,400ರಷ್ಟು. ಎಂಜಿನ್ ಕಾರುಗಳಲ್ಲಿ ಹಳೆಯವು ಹೆಚ್ಚೆಂಬುದನ್ನು ನೆನಪಿಟ್ಟುಕೊಂಡರೂ ಅಂತರ ದೊಡ್ಡದೇ. 2023ರ ಸೆಪ್ಟೆಂಬರ್ 30ರಂದು ಬೆಂಗಳೂರಿನ ಜೆ.ಪಿ. ನಗರದ ದಾಲ್ಮಿಯಾ ವೃತ್ತದ ಬಳಿ ಎಲೆಕ್ಟ್ರಿಕ್ ಕಾರೊಂದು ನಡುರಸ್ತೆಯಲ್ಲಿ ಉರಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಪೆಟ್ರೋಲ್ ಕಾರು ಉರಿದರೆ ಅಷ್ಟು ದೂರ ಸುದ್ದಿ ಹೋಗುವುದಿಲ್ಲ. ಹಾಗೆಂದು ಬ್ಯಾಟರಿ ಬೆಂಕಿಯನ್ನು ಹಗುರವಾಗಿ ಕಾಣುವಂತಿಲ್ಲ. ಅದು ಬರುವುದು ಕಡಿಮೆ, ಬಂದಾಗ ಅದರ ನಡತೆ ಬೇರೆ.

ಸೆಲ್‌ನ ಧನ ಮತ್ತು ಋಣ ಪದರಗಳ ನಡುವೆ ತೀರಾ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ಹರಿದರೆ ಅಥವಾ ಕರಗಿದರೆ ಎರಡೂ ಬದಿ ತಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆ ಬಿಸಿಗೆ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ. ನಿಕ್ಕಲ್ ಹೆಚ್ಚಿರುವ ಸೆಲ್‌ಗಳಲ್ಲಿ ಧನ ಪದರವೇ ಆಮ್ಲಜನಕವನ್ನು ಬಿಡುತ್ತದೆ. ಬಿಸಿಯಿಂದ ಕ್ರಿಯೆ, ಕ್ರಿಯೆಯಿಂದ ಮತ್ತಷ್ಟು ಬಿಸಿ. ಥರ್ಮಲ್ ರನ್‌ಅವೇ ಎಂದು ಎಂಜಿನಿಯರುಗಳು ಕರೆಯುವುದು ಈ ಕೈಮೀರಿದ ಸ್ಥಿತಿಯನ್ನು. ಒಂದು ಸೆಲ್ ಹೀಗೆ ಹಲವು ನೂರು ಡಿಗ್ರಿಗೆ ಏರಿದಾಗ ಪಕ್ಕದ್ದಕ್ಕೂ ಕಾವು ಮುಟ್ಟಿ, ಸರಪಟಾಕಿಯಂತೆ ಒಂದರಿಂದ ಒಂದಕ್ಕೆ ದಾಟುತ್ತದೆ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಸೆಲ್‌ಗಳು ಈ ವಿಷಯದಲ್ಲಿ ಹೆಚ್ಚು ಶಾಂತ, ಆದರೆ ಅವುಗಳಿಂದಲೂ ಉರಿಯುವ ಅನಿಲ ಹೊರಬರುತ್ತದೆ.

ಜ್ವಾಲೆಗಿಂತ ಮೊದಲು ಕಾಣುವುದು ಈ ಅನಿಲವೇ. ಕಾರಿನ ಅಡಿಯಿಂದ ಬಿಳಿಯಾಗಿ, ಆವಿಯಂತೆ ಹೊರಡುತ್ತದೆ. ಕತಾರಿನಲ್ಲಾಗಲಿ ಕರಾವಳಿಯಲ್ಲಾಗಲಿ ಸೆಕೆಯ ದಿನ ಏಸಿಯ ನೀರು ಅಡಿಗೆ ತೊಟ್ಟಿಕ್ಕುವುದನ್ನು ನೋಡಿ ಅಭ್ಯಾಸವಾದವರು ಇದನ್ನೂ ಏಸಿಯದ್ದೇ ಎಂದು ಬಗೆದು ಕುಳಿತಲ್ಲೇ ಕುಳಿತುಬಿಡಬಹುದು. ಅದರಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಮೀಥೇನ್ ಮುಂತಾದ ಉರಿಯುವ ಅನಿಲಗಳಿರುತ್ತವೆ; ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಕೂಡ ಸೇರಿರುತ್ತದೆ. ಕಿಡಿ ತಾಗಿದರೆ ಬೆಂಕಿ, ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಸ್ಫೋಟ. ಕಾರಿನ ಅಡಿಯಿಂದ ಬಿಳಿ ಹೊಗೆ, ‘ಪಟ್‌ ಪಟ್‌’ ಅಥವಾ ‘ಸುಯ್‌’ ಎಂಬ ಸದ್ದು, ಪೇಂಟ್ ಥಿನ್ನರಿನಂಥ ವಾಸನೆ: ಇವುಗಳಲ್ಲಿ ಒಂದು ಕಂಡರೂ ಇಳಿಯುವ ಹೊತ್ತು ಬಂತೆಂದೇ ತಿಳಿಯಬೇಕು.

ಇಳಿಯಲು ಸಿಗುವ ಸಮಯ ಹಿಂದೆ ಅದೃಷ್ಟಕ್ಕೆ ಬಿಟ್ಟದ್ದಾಗಿತ್ತು. 2018ರಲ್ಲಿ ವಿಶ್ವಸಂಸ್ಥೆಯಡಿ ರೂಪುಗೊಂಡ ಎಲೆಕ್ಟ್ರಿಕ್ ವಾಹನ ಸುರಕ್ಷತೆಯ ಜಾಗತಿಕ ನಿಯಮ ಇದಕ್ಕೊಂದು ಅಳತೆ ಕೊಟ್ಟಿತು. ಒಂದು ಸೆಲ್ ಕೈಮೀರಿದರೆ ಕಾರು ಒಳಗಿದ್ದವರನ್ನು ಎಚ್ಚರಿಸಬೇಕು. ಅಪಾಯ ಕ್ಯಾಬಿನ್‌ಗೆ ಮುಟ್ಟುವ ಮುನ್ನ ಅವರಿಗೆ ಐದು ನಿಮಿಷ ಸಿಗಬೇಕು. ಚೀನಾ ಇದನ್ನು 2021ರ ಜನವರಿ 1ರಿಂದ ಕಡ್ಡಾಯ ಮಾಡಿತು. ಭಾರತದಲ್ಲಿ 2022ರಲ್ಲಿ ಸಾಲುಸಾಲಾಗಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್ 156 ಮತ್ತು ಎಐಎಸ್ 038 ಮಾನದಂಡಗಳನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರ್‌ನಲ್ಲಿ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಎರಡು ಹಂತವಾಗಿ ಜಾರಿಗೆ ತರಲಾಯಿತು. ಚೀನಾದ ಪರಿಷ್ಕೃತ ನಿಯಮ ಇನ್ನೂ ಮುಂದೆ ಹೋಗಿದೆ. 2026ರ ಜುಲೈ 1ರಿಂದ ಹೊಸ ಮಾದರಿಗಳ ಪ್ಯಾಕ್‌ಗಳು ಒಂದು ಸೆಲ್ ಕೆಟ್ಟ ಮೇಲೂ ಎರಡು ಗಂಟೆ ಬೆಂಕಿ ಹೊತ್ತದೆ, ಸಿಡಿಯದೆ ಉಳಿಯಬೇಕೆಂದು ಅದು ಹೇಳುತ್ತದೆ.

ಎಚ್ಚರಿಕೆ ಹೇಗೆ ಜೀವ ಉಳಿಸುತ್ತದೆ ಎಂಬುದಕ್ಕೆ ನಿಯಮ ಹುಟ್ಟುವ ಮೊದಲಿನದೇ ಒಂದು ಉದಾಹರಣೆಯಿದೆ. 2013ರ ಅಕ್ಟೋಬರ್ 1ರಂದು ಅಮೆರಿಕದ ಸಿಯಾಟಲ್ ಹತ್ತಿರದ ಕೆಂಟ್‌ನಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿದ್ದ ಟೆಸ್ಲಾ ಮಾಡೆಲ್ ಎಸ್ ಕಾರು ರಸ್ತೆಯಲ್ಲಿ ಬಿದ್ದಿದ್ದ ಲೋಹದ ತುಂಡಿನ ಮೇಲೆ ಹಾಯಿತು. ಅದು ಮೇಲಕ್ಕೆ ಮಗುಚಿ ತಳದ ರಕ್ಷಾಫಲಕವನ್ನೇ ತೂತು ಮಾಡಿ ಬ್ಯಾಟರಿಗೆ ಹೊಕ್ಕಿತು. ಕಾರು ಚಾಲಕನಿಗೆ ಪಕ್ಕಕ್ಕೆ ನಿಲ್ಲಿಸುವಂತೆ ಸೂಚನೆ ಕೊಟ್ಟಿತು. ಆತ ಹೆದ್ದಾರಿಯಿಂದ ಕೆಳಗಿಳಿಸಿ, ನಿಲ್ಲಿಸಿ, ಪೆಟ್ಟಿಲ್ಲದೆ ಹೊರಬಂದ. ಬೆಂಕಿ ಹೊತ್ತಿದ್ದು ಆಮೇಲೆ. ಪ್ಯಾಕ್‌ನೊಳಗಿನ ಅಡ್ಡಗೋಡೆಗಳು ಅದನ್ನು ಮುಂಭಾಗದ ಕೋಣೆಯಲ್ಲೇ ಹಿಡಿದಿಟ್ಟವು. ಅನಿಲದ ಕಿಂಡಿಗಳು ಜ್ವಾಲೆಯನ್ನು ಕೆಳಕ್ಕೆ, ರಸ್ತೆಯ ಕಡೆಗೆ ಕಳಿಸಿದವು. 2014ರ ಮಾರ್ಚ್‌ನಲ್ಲಿ ಕಂಪನಿ ತಳಕ್ಕೆ ಟೈಟಾನಿಯಂ ಕವಚವನ್ನೂ ಸೇರಿಸಿತು. ಎಚ್ಚರಿಕೆ, ಅಡ್ಡಗೋಡೆ, ಕಿಂಡಿಯ ದಿಕ್ಕು, ತೆರೆಯುವ ಬಾಗಿಲು: ನಾಲ್ಕೂ ಅಂದು ತಂತಮ್ಮ ಕೆಲಸ ಮಾಡಿದ್ದರಿಂದ ಒಬ್ಬ ಮನುಷ್ಯ ನಡೆದು ಹೊರಬಂದ.

ಇವುಗಳಲ್ಲಿ ಕಿಂಡಿಯ ದಿಕ್ಕು ಕೇಳಲು ಸಣ್ಣದು, ಪರಿಣಾಮ ದೊಡ್ಡದು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ನೆಲದುದ್ದಕ್ಕೂ ಹರಡಿರುತ್ತದೆ. ಅದರ ಅಂಚು ಬಾಗಿಲ ಹೊಸ್ತಿಲಿನ ಕೆಳಗೇ ಬರುತ್ತದೆ. ಕಾರಿನಿಂದ ಇಳಿಯುವಾಗ ನಾವು ಕಾಲೂರುವುದು ಸರಿಯಾಗಿ ಅಲ್ಲಿ. ಅನಿಲ ಪಕ್ಕಕ್ಕೆ ಚಿಮ್ಮಿದರೆ ಬಾಗಿಲು ತೆರೆದಿದ್ದರೂ ದಾರಿ ಮುಚ್ಚಿದಂತೆಯೇ. ಹಾಗಾಗಿ ಒಳ್ಳೆಯ ವಿನ್ಯಾಸದಲ್ಲಿ ಒತ್ತಡ ಹೊರಬಿಡುವ ಕವಾಟಗಳನ್ನು ಬಾಗಿಲಿನಿಂದ ದೂರ, ಹಿಂದಕ್ಕೋ ಕೆಳಕ್ಕೋ ತಿರುಗಿಸುತ್ತಾರೆ. ಪ್ಯಾಕ್‌ನ ಮುಚ್ಚಳಕ್ಕೂ ಸೀಟಿನ ಕೆಳಗಿನ ನೆಲಕ್ಕೂ ನಡುವೆ ಕಾವು ತಡೆಯುವ ಅಭ್ರಕದ ಹಾಳೆ, ಸೆಲ್‌ಗಳ ನಡುವೆ ಏರೋಜೆಲ್ ಇಡುತ್ತಾರೆ. ತಂತಿಗಳು ಕ್ಯಾಬಿನ್ ಹೊಗುವ ತೂತುಗಳನ್ನು ಹೊಗೆ ಬಾರದಂತೆ ಮುಚ್ಚುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ ತೋರಿಸಿದ ಪ್ರಯೋಗವೊಂದರಲ್ಲಿ ಬ್ಯಾಟರಿಯನ್ನೇ ಕಾರಿನ ಪಕ್ಕಕ್ಕೆ ಹಲವು ಮೀಟರ್ ದೂರ ಚಿಮ್ಮಿಸಲಾಯಿತು. ಒಳಗಿದ್ದವರು ಪಾರಾದರೂ, ಪಕ್ಕದಲ್ಲಿ ಸೈಕಲ್ ತುಳಿಯುವವನ ಕಾಲಿಗೆ ನೂರಾರು ಕಿಲೊ ಬೆಂಕಿ ಬಂದು ಬೀಳುತ್ತದೆ. ಒಬ್ಬರ ಅಪಾಯವನ್ನು ಇನ್ನೊಬ್ಬರ ಮೇಲೆ ಹಾಕುವುದನ್ನು ಸುರಕ್ಷತೆ ಎನ್ನಲಾಗದು.

ಇನ್ನು ಬಾಗಿಲು. 2025ರ ಮಾರ್ಚ್ 29ರಂದು ಚೀನಾದ ಆನ್‌ಹುಯಿ ಪ್ರಾಂತದ ಹೆದ್ದಾರಿಯಲ್ಲಿ ಶಿಯೋಮಿ ಎಸ್‌ಯು7 ಕಾರು ಕಾಂಕ್ರೀಟ್ ತಡೆಗೋಡೆಗೆ ಬಡಿದು ಹೊತ್ತಿ ಉರಿದು, ಒಳಗಿದ್ದ ಮೂವರು ಯುವತಿಯರು ಸತ್ತರು. ಬಾಗಿಲು ತೆರೆಯಿತೇ ಎಂಬ ಪ್ರಶ್ನೆ ದೇಶವನ್ನೆಲ್ಲ ಕಾಡಿತು. ಅಕ್ಟೋಬರಿನಲ್ಲಿ ಚೆಂಗ್ಡುವಿನಲ್ಲಿ ಅದೇ ಕಂಪನಿಯ ಇನ್ನೊಂದು ಕಾರು ಉರಿಯುತ್ತಿದ್ದಾಗ ದಾರಿಹೋಕರು ಗಾಜಿಗೆ ಗುದ್ದಿ, ಒದ್ದು ನೋಡಿದರು. ಬಾಗಿಲು ತೆರೆಯಲಿಲ್ಲ, ಚಾಲಕ ಬದುಕಲಿಲ್ಲ. ಇಂದಿನ ಅನೇಕ ಕಾರುಗಳಲ್ಲಿ ಹೊರಗಿನ ಹಿಡಿಕೆ ಬಾಗಿಲಿನ ಮೈಯೊಳಗೆ ಅಡಗಿರುತ್ತದೆ, ಒಳಗೆ ಇರುವುದೊಂದು ಗುಂಡಿ. ಎರಡಕ್ಕೂ ವಿದ್ಯುತ್ ಬೇಕು. ಅದು ಬರುವುದು ಸಾಮಾನ್ಯವಾಗಿ 12 ವೋಲ್ಟಿನ ಪುಟ್ಟ ಬ್ಯಾಟರಿಯಿಂದ. ಪೆಟ್ಟಿಗೆ ಆ ತಂತಿ ಕಡಿದರೆ ಗುಂಡಿ ಒತ್ತಿ ಪ್ರಯೋಜನವಿಲ್ಲ.

ಕೈಯಿಂದ ಎಳೆದು ತೆರೆಯುವ ಕೊಂಡಿ ಇರುತ್ತದೆ, ಆದರೆ ಎಲ್ಲಿ? ಕೆಲವು ಮಾದರಿಗಳ ಹಿಂಬಾಗಿಲಲ್ಲಿ ಅದನ್ನು ಹುಡುಕಬೇಕಾದರೆ ಬಾಗಿಲ ಜೇಬಿನ ತಳದಲ್ಲಿರುವ ರಬ್ಬರ್ ಹಾಸನ್ನು ಎತ್ತಬೇಕು, ಅದರಡಿಯ ಪುಟ್ಟ ಮುಚ್ಚಳ ತೆಗೆಯಬೇಕು, ಆಮೇಲೆ ಸಿಗುವ ಕೇಬಲನ್ನು ಎಳೆಯಬೇಕು. ಅಲ್ಲಿ ಕೂರುವವರು ಸಾಮಾನ್ಯವಾಗಿ ಮಕ್ಕಳು, ಇಲ್ಲವೆ ಊರಿನಿಂದ ಬಂದ ಅಜ್ಜಿ. ಹೊಗೆ ತುಂಬಿದ ಕತ್ತಲಲ್ಲಿ ಅವರು ಇದನ್ನು ಮಾಡುತ್ತಾರೆಂದು ನಂಬಿ ಬಾಗಿಲು ಮಾಡುವುದು ಕ್ರೌರ್ಯ. ಚೀನಾ ಇದನ್ನು ಮನಗಂಡು, 2027ರ ಜನವರಿ 1ರಿಂದ ಹೊಸ ಮಾದರಿಗಳ ಬಾಗಿಲುಗಳಿಗೆ ಒಳಗೂ ಹೊರಗೂ ವಿದ್ಯುತ್ ಇಲ್ಲದೆಯೂ ತೆರೆಯುವ ಹಿಡಿಕೆ ಕಡ್ಡಾಯ ಎಂದಿದೆ. ಭಾರತವೂ ಕೊಲ್ಲಿ ದೇಶಗಳೂ ಇದೇ ದಾರಿ ಹಿಡಿಯಬೇಕು. ಐದು ನಿಮಿಷ ಕೊಡುವ ಬ್ಯಾಟರಿಗೆ ತೆರೆಯದ ಬಾಗಿಲು ಜೋಡಿಸಿದರೆ ಆ ಐದು ನಿಮಿಷಕ್ಕೆ ಅರ್ಥವಿಲ್ಲ.

ಹೊರದಾರಿಯ ಪ್ರಶ್ನೆ ಕಾರಿನ ಬಾಗಿಲಿಗೇ ಮುಗಿಯುವುದಿಲ್ಲ. 2024ರ ಆಗಸ್ಟ್ 1ರಂದು ದಕ್ಷಿಣ ಕೊರಿಯಾದ ಇಂಚಾನ್‌ನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿದ್ದ ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬಿದ್ದಾಗ ಒಳಗೆ ಯಾರೂ ಇರಲಿಲ್ಲ. ಆದರೂ ಹೊಗೆ ಕುಡಿದು 20ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ನೂರಾರು ವಾಹನಗಳು ಹಾಳಾದವು, ಬೆಂಕಿ ಆರಿಸಲು ಸುಮಾರು ಎಂಟು ಗಂಟೆ ಹಿಡಿಯಿತು. ಅದೇ ವರ್ಷ ನವೆಂಬರ್ 19ರಂದು ಬೆಂಗಳೂರಿನ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು, ಒಳಗೆ ಸಿಲುಕಿದ 20 ವರ್ಷದ ಉದ್ಯೋಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಗರಾಫಾದ ವಿಲ್ಲಾಗಳಲ್ಲಿ ಕಾರು ನಿಲ್ಲುವ ಚಪ್ಪರ ಮನೆಯ ಮುಂಬಾಗಿಲಿಗೆ ಅಂಟಿಕೊಂಡಿದ್ದರೆ, ಮನೆಯಿಂದ ಹೊರಡುವ ಒಂದೇ ದಾರಿಗೆ ಅಡ್ಡವಾಗಿ ಕಾರನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಬಾರದು.

ಕಾರಿನೊಳಗಿರುವವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಎಚ್ಚರಿಕೆ ಬಂದರೆ ಮನೆ ತಲುಪಿ ನೋಡೋಣ ಎನ್ನಬೇಡಿ. ಶಮಾಲ್ ರಸ್ತೆಯ ವೇಗದಲ್ಲಿದ್ದರೂ ನಿಧಾನಿಸಿ ಅಂಚಿಗೆ ಬನ್ನಿ, ಸೇತುವೆಯಡಿಯಾಗಲಿ ನೆಲಮಾಳಿಗೆಯಲ್ಲಾಗಲಿ ನಿಲ್ಲಿಸಬೇಡಿ. ಮಕ್ಕಳನ್ನು ಮೊದಲು ಇಳಿಸಿ. ಹೊಸ್ತಿಲಿನ ಬುಡದಲ್ಲಿ ಕಾಲಿಡದೆ ಆದಷ್ಟು ದೂರಕ್ಕೆ ಹೆಜ್ಜೆ ಹಾಕಿ. ಚೀಲ, ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಏನಿದ್ದರೂ ಅಲ್ಲೇ ಬಿಡಿ. ಗಾಳಿ ಬೀಸಿ ಬರುವ ದಿಕ್ಕಿಗೆ, ತಡೆಬೇಲಿಯ ಆಚೆಗೆ ಹೋಗಿ ನಿಂತು ಕತಾರಿನಲ್ಲಾದರೆ 999ಕ್ಕೆ, ಕರ್ನಾಟಕದಲ್ಲಾದರೆ 112ಕ್ಕೆ ಕರೆ ಮಾಡಿ, ಎಲೆಕ್ಟ್ರಿಕ್ ಕಾರು ಎಂದು ಮೊದಲೇ ಹೇಳಿ. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ಮೇಲೂ ಮತ್ತೆ ಹೊತ್ತಬಲ್ಲದು, ತಣ್ಣಗಾಗಿಸಲು ಸಾವಿರಾರು ಲೀಟರ್ ನೀರು ಬೇಕಾಗಬಹುದು; ಆ ಕೆಲಸ ಅಗ್ನಿಶಾಮಕ ಸಿಬ್ಬಂದಿಯದು. ಗಾಜು ಒಡೆಯುವ ಸುತ್ತಿಗೆಯನ್ನು ಕಾರಲ್ಲಿಟ್ಟುಕೊಂಡವರು ಕಿಟಕಿಯ ಮೂಲೆಯ ಗುರುತನ್ನೊಮ್ಮೆ ಓದಿ. ಅದು ಲ್ಯಾಮಿನೇಟೆಡ್ ಗಾಜಾದರೆ ಆ ಸುತ್ತಿಗೆಗೆ ಬಗ್ಗುವುದಿಲ್ಲ.

ಹೊಸ ಕಾರಿನ ಕೀಲಿ ಪಡೆಯುವ ದಿನ ಮಾರಾಟಗಾರರು ಪರದೆ, ಸಂಗೀತ, ಸೀಟಿನ ತಂಪು ಎಲ್ಲ ತೋರಿಸುತ್ತಾರೆ. ದೋಹಾದಲ್ಲಿರಲಿ ಬೆಂಗಳೂರಿನಲ್ಲಿರಲಿ, ಅಂದು ಮೂರು ಪ್ರಶ್ನೆ ಕೇಳಿ ಉತ್ತರ ಪಡೆದೇ ಹೊರಡಿ: ಬ್ಯಾಟರಿ ಕೆಟ್ಟರೆ ಎಚ್ಚರಿಕೆ ಹೇಗೆ ಬರುತ್ತದೆ? ವಿದ್ಯುತ್ ಇಲ್ಲದೆ ನಾಲ್ಕೂ ಬಾಗಿಲು ಹೇಗೆ ತೆರೆಯುತ್ತವೆ? ಚೈಲ್ಡ್ ಲಾಕ್ ಹಾಕಿದ್ದಾಗ ಹಿಂದಿನ ಕೊಂಡಿ ಕೆಲಸ ಮಾಡುತ್ತದೆಯೇ? ಬಳಿಕ ಮನೆಯ ಪ್ರತಿಯೊಬ್ಬರೂ ತಾವು ಕೂರುವ ಜಾಗದಲ್ಲಿ ಕೂತು, ತಮ್ಮ ಕೈಯಿಂದಲೇ ಆ ಕೊಂಡಿ ಎಳೆದು ಬಾಗಿಲು ತೆರೆದು ನೋಡಲಿ. ಹಿಂದಿನ ಸೀಟಿನಲ್ಲಿ ಕೂರುವ ಮಗುವಿಗೋ ಅಜ್ಜಿಗೋ ಅದು ಆಗಲಿಲ್ಲವೆಂದರೆ ಆ ಕಾರು ನಿಮ್ಮ ಮನೆಗೆ ಒಗ್ಗುವುದಲ್ಲ. ಬೇರೆಯದನ್ನು ನೋಡಿ, ಯಾಕೆಂದು ಮಾರಾಟಗಾರರಿಗೆ ಹೇಳಿ. ಕೊಳ್ಳುವವರು ಹೀಗೆ ಕೇಳತೊಡಗಿದರೆ, ಸರ್ಕಾರದ ನಿಯಮ ಬರುವುದಕ್ಕೆ ಮುಂಚೆಯೇ ಬಾಗಿಲುಗಳು ಸುಧಾರಿಸುತ್ತವೆ.