ಕರುಗಳ ನ್ಯುಮೋನಿಯ: ಔಷಧಕ್ಕೆ ಬಗ್ಗದ ರೋಗಾಣುಗಳಿಗೆ ಚಿಕಿತ್ಸೆ

ಇಂದು ಸತ್ತ ಹೆಣ್ಣುಗರು ಮುಂದೆ ಹಾಲು ಕರೆಯಬೇಕಾಗಿದ್ದ ಹಸು. ಎಳೆಗರುಗಳ ಸಾವಿಗೆ ಭೇದಿಯಂತೆಯೇ ನ್ಯುಮೋನಿಯ, ಅಂದರೆ ಶ್ವಾಸಕೋಶದ ಉರಿಯೂತವೂ ಮುಖ್ಯ ಕಾರಣ. ತಕ್ಕ ಪ್ರತಿಜೈವಿಕ ಔಷಧವನ್ನು ಬೇಗನೆ ಕೊಟ್ಟರೆ ಬಹುಪಾಲು ಕರುಗಳು ಗುಣ ಹೊಂದುತ್ತವೆ. ಆದರೆ ಹಿಂದೆ ಫಲ ಕೊಟ್ಟ ಔಷಧವೇ ಕೆಲವು ಕೊಟ್ಟಿಗೆಗಳಲ್ಲಿ ಈಗ ಫಲಿಸದೆ ಹೋಗುತ್ತಿದೆ.

ರೋಗದ ಚಿಹ್ನೆಗಳು

ಆರೋಗ್ಯವಾಗಿರುವ ಕರುವಿನ ಮೈಶಾಖ ಸುಮಾರು 101.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ರೋಗ ತಗುಲಿದಾಗ ಇದು 104 ಡಿಗ್ರಿ ದಾಟಬಹುದು. ಕರು ಹಾಲು ಬಿಡುತ್ತದೆ, ಕೆಮ್ಮುತ್ತದೆ, ಕಿವಿ ಜೋಲಿಸುತ್ತದೆ. ಮೂಗಿನಿಂದ ನೀರಾಗಿ ಬರುತ್ತಿದ್ದ ಸಿಂಬಳ ಗಟ್ಟಿಯಾಗುತ್ತದೆ. ಉಸಿರಾಟದ ವೇಗ ಹೆಚ್ಚುತ್ತದೆ. ಬಾಯಿ ತೆರೆದು ಉಸಿರಾಡತೊಡಗಿದರೆ ಅಪಾಯ ಹತ್ತಿರವಾಯಿತೆಂದು ತಿಳಿಯಬೇಕು.

ಔಷಧ ಫಲಿಸದಿರಲು ಕಾರಣ

ಔಷಧ ಫಲಿಸದಿದ್ದರೆ ರೋಗಾಣು ಬಲಿತಿದೆ ಎಂದೇ ಅರ್ಥವಲ್ಲ. ವೈರಸ್ ಅಥವಾ ಶ್ವಾಸಕೋಶದ ಜಂತುಗಳಿಂದ ರೋಗ ಬಂದಿದ್ದರೆ ಪ್ರತಿಜೈವಿಕ ಔಷಧ ಅವನ್ನು ಕೊಲ್ಲುವುದಿಲ್ಲ. ಮೈಕೋಪ್ಲಾಸ್ಮ ಎಂಬ ರೋಗಾಣುವಿಗೆ ಕೋಶಭಿತ್ತಿ ಇಲ್ಲ. ಪೆನಿಸಿಲಿನ್ ಕೆಲಸ ಮಾಡುವುದೇ ಆ ಭಿತ್ತಿಯ ಮೇಲೆ. ಆದ್ದರಿಂದ ಪೆನಿಸಿಲಿನ್ ಅದಕ್ಕೆ ನಾಟುವುದಿಲ್ಲ.

ಪಾಶ್ಚುರೆಲ್ಲ, ಮ್ಯಾನ್‌ಹೈಮಿಯ ಮುಂತಾದ ಬ್ಯಾಕ್ಟೀರಿಯಗಳು ಔಷಧವನ್ನು ತಡೆದುಕೊಳ್ಳುವ ಶಕ್ತಿ ಪಡೆಯುವುದು ಬೇರೆ ಮಾತು. ಅರ್ಧ ಪ್ರಮಾಣ ಕೊಟ್ಟಾಗ ಅಥವಾ ಜ್ವರ ಇಳಿದೊಡನೆ ಎರಡನೆಯ ದಿನವೇ ನಿಲ್ಲಿಸಿದಾಗ ದುರ್ಬಲ ರೋಗಾಣುಗಳು ಸತ್ತು, ಗಟ್ಟಿಯಾದವು ಉಳಿದು ಪೀಳಿಗೆ ಬೆಳೆಸುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಕಡಿಮೆ ಪ್ರಮಾಣದ ಬಳಕೆಯ ವಿರುದ್ಧ ಎಚ್ಚರಿಸಿದ್ದರು.

ಚಿಕಿತ್ಸೆಯ ಕ್ರಮ

1. ರೋಗದ ಕರುವನ್ನು ಬೇರ್ಪಡಿಸಿ, ಬೆಚ್ಚಗೆ, ಒಣನೆಲದಲ್ಲಿ ಇಟ್ಟು ಅಂದೇ ಪಶುವೈದ್ಯರಿಗೆ ತೋರಿಸಬೇಕು.

2. ಚುಚ್ಚುಮದ್ದು ಆರಂಭಿಸಿ 48ರಿಂದ 72 ಗಂಟೆಗಳಲ್ಲಿ ಗುಣ ಕಾಣದಿದ್ದರೆ ಅಂಗಡಿಯಿಂದ ಬೇರೊಂದು ಔಷಧ ತಂದು ಚುಚ್ಚಬಾರದು. ಪಶುವೈದ್ಯರನ್ನೇ ಮತ್ತೆ ಕರೆಸಿ, ಹಿಂದೆ ಕೊಟ್ಟ ಔಷಧ, ಪ್ರಮಾಣ, ದಿನಗಳನ್ನು ತಿಳಿಸಬೇಕು.

3. ಮೂಗಿನ ಒಳಭಾಗದ ಅಥವಾ ಶ್ವಾಸನಾಳದ ದ್ರವವನ್ನು ಪರೀಕ್ಷೆಗೆ ಕಳಿಸಬಹುದು. ಔಷಧ ಕೊಡುವ ಮೊದಲೇ ತೆಗೆದ ಮಾದರಿ ಉತ್ತಮ. ಪ್ರಯೋಗಾಲಯದಲ್ಲಿ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಔಷಧ ಸವರಿದ ಬಿಲ್ಲೆಗಳನ್ನು ಇಡುತ್ತಾರೆ. ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಉಳಿದ ಜಾಗವನ್ನು ಅಳೆದು, ನಾಟುವ ಔಷಧ ಯಾವುದೆಂದು ನಿರ್ಧರಿಸುತ್ತಾರೆ.

4. ಆರಿಸಿದ ಔಷಧವನ್ನು ಕರುವಿನ ತೂಕಕ್ಕೆ ತಕ್ಕಂತೆ, ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಉಳಿದ ಬಾಟಲಿಯನ್ನು ಇನ್ನೊಂದು ದನಕ್ಕೆ ಬಳಸಬಾರದು.

5. ನಿತ್ರಾಣವಾದ ಕರುವಿಗೆ ಗೊಟ್ಟದಲ್ಲಿ ಎಣ್ಣೆ, ಕಷಾಯ ಹುಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದು ರೋಗ ಉಲ್ಬಣಿಸುತ್ತದೆ.

ರೋಗ ಬಾರದಂತೆ ತಡೆ

ಔಷಧದ ಅಗತ್ಯವನ್ನೇ ಕಡಿಮೆ ಮಾಡುವುದು ಲೇಸು. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲು ಆರಂಭಿಸಬೇಕು. 25 ಕಿಲೋ ತೂಕದ ಕರುವಿಗೆ ಮೊದಲ 12 ಗಂಟೆಗಳಲ್ಲಿ ಸುಮಾರು ಎರಡೂವರೆ ಲೀಟರ್ ಬೇಕು. ಗಂಜಲದ ಘಾಟು ಮೂಗಿಗೆ ಬಡಿಯುವ ಕೊಟ್ಟಿಗೆ ಕರುವಿನ ಶ್ವಾಸಕೋಶಕ್ಕೆ ಶತ್ರು. ಮೇಲ್ಭಾಗದಲ್ಲಿ ಗಾಳಿ ಆಡುವಂತಿರಲಿ, ಆದರೆ ಶೀತಗಾಳಿ ನೇರವಾಗಿ ಬೀಸದಿರಲಿ. ಎಳೆಗರುಗಳನ್ನು ದೊಡ್ಡ ದನಗಳ ಜೊತೆ ಕಟ್ಟಬಾರದು.

ಕೊಟ್ಟಿಗೆಯಲ್ಲಿ ಬಲಿತ ರೋಗಾಣು ಮುಂದಿನ ಕರುವಿಗೂ ಕಾದಿರುತ್ತದೆ. ಔಷಧವನ್ನು ಮಿತವಾಗಿ, ಪೂರ್ತಿಯಾಗಿ, ವೈದ್ಯರ ಸಲಹೆಯಂತೆ ಬಳಸಿದ ರೈತನಿಗೆ ಆ ಔಷಧ ಮುಂದೆಯೂ ಕೈಗೆ ಬರುತ್ತದೆ.