ಡೆಸ್ಕು ಕೊಟ್ಟರೆ ಹೊಣೆ ಮುಗಿಯಿತೇ?

ಬೋಧನಾಭ್ಯಾಸಕ್ಕಾಗಿ ನಮ್ಮ ತಂಡ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಹಂಚಿಹೋಗಿತ್ತು. ನನಗೆ ಸಿಕ್ಕಿದ್ದು ಪಾಂಡವಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಹತ್ತನೆಯ ತರಗತಿಗೆ ‘ನಮ್ಮ ಪರಿಸರ’ ಘಟಕದಲ್ಲಿ ತ್ಯಾಜ್ಯದ ವಿಷಯ ಬಂದಾಗ, ‘ಸಮಾಜದ ಬಗ್ಗೆ ಕಂಪನಿಗಳ ಹೊಣೆ ಏನು?’ ಎಂದು ಕೇಳಿದೆ. ಮಕ್ಕಳು ತಾವು ಕುಳಿತಿದ್ದ ಡೆಸ್ಕನ್ನೇ ತಟ್ಟಿದರು. ಅದು ಒಂದು ಕಂಪನಿಯ ಕೊಡುಗೆ. ಸರಿ ಎಂದೆ. ಆಗ ಒಬ್ಬ ಹುಡುಗಿ, ‘ಸಾರ್, ಕಬ್ಬಿನ ದುಡ್ಡು ತಡಮಾಡಿ ಬ್ಯಾಗು ಕೊಟ್ಟರೆ?’ ಎಂದಳು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಮರುದಿನ ಕಪ್ಪುಹಲಗೆಯ ಮೇಲೆ ಮೂರು ಕಾಲಂ ಎಳೆದೆ.

ಮೊದಲನೆಯದು, ವ್ಯವಹಾರದ ಕಾನೂನು. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಿಸಬೇಕು.

ಎರಡನೆಯದು, ಲಾಭದ ಪಾಲು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ನಮ್ಮ ಡೆಸ್ಕು ಬರುವುದು ಈ ಕಾಲಂನಲ್ಲಿ.

ಮೂರನೆಯದು, ತಾವಾಗಿಯೇ ಒಪ್ಪಿಕೊಳ್ಳುವ ಜಾಗತಿಕ ಕಟ್ಟುಪಾಡು. ಕೋಫಿ ಅನ್ನಾನ್ 1999ರಲ್ಲಿ ಸೂಚಿಸಿದ ವಿಶ್ವಸಂಸ್ಥೆಯ ‘ಗ್ಲೋಬಲ್ ಕಾಂಪ್ಯಾಕ್ಟ್’ 2000ದ ಜುಲೈನಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ಇನ್ಫೋಸಿಸ್ 2001ರಲ್ಲೇ ಸೇರಿತು. ಅದರ ತತ್ವಗಳು 10: ಮಾನವ ಹಕ್ಕು 2, ಕಾರ್ಮಿಕರು 4, ಪರಿಸರ 3, 2004ರಲ್ಲಿ ಸೇರಿದ ಹತ್ತನೆಯದು ಭ್ರಷ್ಟಾಚಾರ ವಿರೋಧ. ಲಾಭವನ್ನು ಹೇಗೆ ಹಂಚಿದಿರಿ ಎಂಬುದಕ್ಕಿಂತ ಹೇಗೆ ಗಳಿಸಿದಿರಿ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

‘ಕಡ್ಡಾಯವಲ್ಲದಿದ್ದರೆ ಯಾರು ಪಾಲಿಸುತ್ತಾರೆ?’ ಎಂದು ಮಕ್ಕಳು ಕೇಳಿದರು. ನ್ಯಾಯವಾದ ಪ್ರಶ್ನೆ. ಇಲ್ಲಿ ದಂಡವಿಲ್ಲ. ಸೇರಿದ ಕಂಪನಿ ಪ್ರತಿವರ್ಷ ಪ್ರಗತಿ ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ತಪ್ಪಿದವರನ್ನು ಪಟ್ಟಿಯಿಂದ ಕೈಬಿಡುತ್ತಾರೆ. ಆದರೆ ವರದಿ ಬರೆಯುವುದು ಕಂಪನಿಯೇ. ಅದೇ ಇದರ ದೌರ್ಬಲ್ಯ. 2010ರ ಐಎಸ್ಒ 26000 ಕೂಡ ಮಾರ್ಗದರ್ಶಿ ಮಾತ್ರ, ಅದಕ್ಕೆ ಪ್ರಮಾಣಪತ್ರವಿಲ್ಲ. ಹಾಗಾಗಿ ವರದಿಯನ್ನು ಓದಿ ಪ್ರಶ್ನಿಸುವ ಜನರಿದ್ದರೆ ಮಾತ್ರ ಇಂಥ ಒಪ್ಪಂದಗಳಿಗೆ ಬಲ.

ಕೊನೆಗೆ ಹುಡುಗಿಯ ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಮೂರೂ ಕಾಲಂ ನೋಡಿ ಮಕ್ಕಳೇ ಹೇಳಿದರು: ಬ್ಯಾಗನ್ನು ಕಬ್ಬಿನ ಬಾಕಿಗೆ ಜಮಾ ಹಿಡಿಯುವಂತಿಲ್ಲ.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಸಲಹೆ. ಕೊಡುಗೆಯಿಂದ ಆರಂಭಿಸಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಕೊಟ್ಟವರಿಗೆ ಕೃತಜ್ಞರಾಗಿದ್ದುಕೊಂಡೇ ಲೆಕ್ಕ ಕೇಳಬಹುದು ಎಂಬುದನ್ನು ಮಕ್ಕಳು ಕಲಿಯಲಿ.